ಕೇಳದೆ ಕೊಟ್ಟ ಬೆಳಕು

"ಒಂದು ಸಣ್ಣ ಪ್ರಶ್ನೆ... ದಡ್ಡ ಪ್ರಶ್ನೆ ಇರಬಹುದು. ಇದರಲ್ಲಿ ಹೊಳಪಿನ ಪೇಪರಿಗೆ, ಹೊಳಪಿಲ್ಲದ ಪೇಪರಿಗೆ ಬೇರೆ ಬೇರೆ ಕಪ್ಪು ಇಂಕ್ ಇರುತ್ತಾ? ಇಲ್ಲಾ ಪ್ರತಿ ಸಲ ಬದಲಾಯಿಸ್ಬೇಕಾ?"

ಅವಳು ಪ್ರಶ್ನೆ ಕೇಳಿದ್ದು ಪ್ರಿಂಟರ್ ಅಂಗಡಿಯ ಮಾರಾಟಗಾರನನ್ನು. ಉತ್ತರ ಬಂದದ್ದು ಬೆನ್ನ ಹಿಂದಿನಿಂದ.

"ಅದು ದಡ್ಡ ಪ್ರಶ್ನೆ ಅಲ್ಲ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ?"

ಅವಳ ಕೈಯಲ್ಲಿದ್ದ ಅಳತೆ ಟೇಪು ಅಲ್ಲೇ ನಿಂತಿತು.

ಆ ದನಿ...

ಅವಳು ತಕ್ಷಣ ತಿರುಗಲಿಲ್ಲ. ತಿರುಗಿದರೆ ಒಂದು ಮುಖ ಇರುತ್ತದೆ. ಆ ದನಿಗೆ ಮುಖವೇ ಬೇಡ ಎಂದು ಅವಳು ವರ್ಷಗಳಿಂದ ತೀರ್ಮಾನಿಸಿಕೊಂಡಿದ್ದಳು.

ಊರಿನ ಆ ತುದಿಯಲ್ಲಿ ಆ ದನಿಯವನ ಫೋಟೋ ಲ್ಯಾಬು. ಈ ತುದಿಯ ಮನೆಯಲ್ಲಿ ಕುಳಿತು ಅವಳು ಫೋಟೋಗಳ ಫೈಲು ಕಳಿಸುತ್ತಿದ್ದಳು. ಅವನು ಅವುಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿ, ರಟ್ಟಿನ ಕೊಳವೆಯಲ್ಲಿ ಸುತ್ತಿ, ಕೊರಿಯರಿಗೆ ಹಾಕುತ್ತಿದ್ದ. ಹಾಕುವ ಮೊದಲು ಒಂದು ಫೋನು. ಆ ಫೋನು ಸಾಮಾನ್ಯವಾಗಿ ಗುರುವಾರ ಬರುತ್ತಿತ್ತು. ಮೊದಮೊದಲು ಪೇಪರು, ಅಂಚು, ಅಳತೆ ಇಷ್ಟೇ ಮಾತು. ಬರಬರುತ್ತಾ ಅವಳ ಕೆಮ್ಮು ವಾಸಿಯಾಯಿತೇ, ಅವನ ಲ್ಯಾಬಿನ ಸೋರುವ ಚಾವಣಿ ರಿಪೇರಿಯಾಯಿತೇ ಎನ್ನುವವರೆಗೂ ಬಂದಿತ್ತು. ಎರಡು ಬಸ್ಸು ಹತ್ತಿದರೆ ಲ್ಯಾಬು ಸಿಗುತ್ತದೆ. ಅವಳು ಒಮ್ಮೆಯೂ ಹತ್ತಿರಲಿಲ್ಲ. ನೋಡಿದರೆ ಮಾತು ನಿಂತುಹೋಗಬಹುದು ಎಂಬ ಭಯ ಅವಳಿಗೆ. ಅವಳಿಗೆ ಯಾವುದಕ್ಕೆ ಭಯವಿರಲಿಲ್ಲ ಎಂದು ಕೇಳುವುದೇ ಸುಲಭ.

ಈಗ ತಿರುಗಲೇಬೇಕಾಯಿತು.

ಅವಳು ಊಹಿಸಿಕೊಂಡಿದ್ದು ಸಣಕಲು, ಎತ್ತರದ, ಕನ್ನಡಕದ ಮನುಷ್ಯನನ್ನು. ಎದುರಿಗಿದ್ದವನು ಗಟ್ಟಿಮುಟ್ಟಾಗಿದ್ದ. ಕಿವಿಯ ಬಳಿ ಕೂದಲು ಆಗಲೇ ನರೆತಿತ್ತು. ಹೆಬ್ಬೆರಳ ಉಗುರಲ್ಲಿ ನೀಲಿ ಇಂಕು. ಒಂದು ಪೇಪರ್ ರೋಲನ್ನು ನಿದ್ದೆ ಹೋದ ಕೂಸಿನಂತೆ ಹೆಗಲಿಗೆ ಒರಗಿಸಿಕೊಂಡಿದ್ದ.

"ನೀವು... ಪ್ರಿಂಟರ್ ತಗೋತಿದೀರಾ?" ಎಂದ.

ಬೇರೊಬ್ಬನ ಜೊತೆ ಸಿನಿಮಾಕ್ಕೆ ಬಂದು ಸಿಕ್ಕಿಬಿದ್ದವಳಂತೆ ಅವಳ ಮುಖ ಬಿಸಿಯಾಯಿತು.

"ಇಲ್ಲ... ಹೌದು. ಸುಮ್ನೆ ನೋಡ್ತಿದೀನಿ."

"ಟೇಪ್ ಹಿಡ್ಕೊಂಡು ಸುಮ್ನೆ ನೋಡೋರು ಕಡಿಮೆ."

ಟೇಪು ಅಕ್ಕನದು, ಹೊಲಿಗೆಯದು. ಅದನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ಅವಳು ವಿಷಯ ಹೇಳಿದಳು. ಹೊಸ ಆಸ್ಪತ್ರೆಯೊಂದು ತನ್ನ ಉದ್ದನೆಯ ಪಡಸಾಲೆಗೆ ಚಿತ್ರಗಳನ್ನು ಕೇಳಿದೆ. ಡಾಕ್ಟರುಗಳದಲ್ಲ, ಅಡುಗೆಯವರು, ಕಾವಲಿನವರು, ಬಟ್ಟೆ ಒಗೆಯುವವರು, ನರ್ಸುಗಳು. ಅವನೇ ಪ್ರಿಂಟ್ ಮಾಡಿಕೊಟ್ಟ, ಅಲ್ಲಿನ ಬಟ್ಟೆ ಒಗೆಯುವ ಹೆಂಗಸಿನ ಚಿತ್ರ ನೋಡಿ ಅವರು ಒಪ್ಪಿದ್ದಾರೆ. ಆದರೆ ಪ್ರತಿ ಚಿತ್ರದ ಪ್ರಿಂಟ್ ತೆಗೆದು ನೋಡಿ, ತಿದ್ದಿ, ಮತ್ತೆ ತೆಗೆಯಬೇಕು. ಅಷ್ಟು ಸಲ ಕೊರಿಯರು ಕಾಯುತ್ತಾ ಕೂತರೆ ಆಗುವ ಕೆಲಸವಲ್ಲ...

ಹೇಳುತ್ತಾ ಹೇಳುತ್ತಾ ಅವನ ಮುಖ ನೋಡಿದಳು. ಬೇಜಾರಾಗಬಹುದು. ಆಗಲಿ ಎಂದೇ ಎಲ್ಲೋ ಒಂದು ಮೂಲೆಯಲ್ಲಿ ಆಸೆ. 'ಬೇಡ, ನಾನೇ ಮಾಡಿಕೊಡ್ತೀನಿ' ಎಂದರೆ ಈಗಲೇ ಟೇಪು ಮಡಚಿ ಹೊರಟುಬಿಡುತ್ತಿದ್ದಳು.

ಅವನು ರೋಲನ್ನು ಗೋಡೆಗೆ ಒರಗಿಸಿ ತೋಳು ಮಡಚಿದ.

"ತಗೊಳ್ಳಿ. ನೀವು ತಗೊಳ್ಳಲೇಬೇಕು."

ಅಷ್ಟೇ. ಅವಳೊಳಗೆ ಏನೋ ಸಣ್ಣಗೆ ಕುಸಿಯಿತು.

ಮಾರಾಟಗಾರ ನಲವತ್ನಾಲ್ಕು ಇಂಚಿನ ಯಂತ್ರದ ಕಡೆಗೆ ಕೈ ತೋರಿಸುತ್ತಿದ್ದ. ಲ್ಯಾಬಿನವನು ಬೇಡವೆಂದು ತಲೆಯಾಡಿಸಿದ. ಆಸ್ಪತ್ರೆಯವರು ಕೇಳಿರುವ ಅಳತೆಗೆ ಇಪ್ಪತ್ನಾಲ್ಕು ಇಂಚು ಅಗಲ ಧಾರಾಳ. ದೊಡ್ಡದು ತಂದರೆ ಮನೆಯಲ್ಲಿ ಯಂತ್ರ ಇರುತ್ತದೆ, ಮನುಷ್ಯರು ಹೊರಗಿರಬೇಕಾಗುತ್ತದೆ ಎಂದ. ಮೇಜಿನ ಮೇಲಿಡುವ ಹದಿನೇಳು ಇಂಚಿನದು ಅಗ್ಗ, ಆದರೆ ಅಗಲವೇ ಸಾಲದು, ಅದರ ಇಂಕಿನ ಡಬ್ಬಿಗಳೂ ಚಿಕ್ಕವು, ಬೇಗ ಖಾಲಿ. ಪಿಗ್ಮೆಂಟ್ ಇಂಕಿನದನ್ನೇ ತಗೊಳ್ಳಿ, ಗೋಡೆಯ ಮೇಲೆ ವರ್ಷಗಟ್ಟಲೆ ಬಣ್ಣ ಮಾಸುವುದಿಲ್ಲ. ಎರಡೂ ಕಪ್ಪು ಇಂಕಿಗೆ ಬೇರೆ ಬೇರೆ ದಾರಿ ಇರುವುದನ್ನೇ ನೋಡಿ, ಬದಲಾಯಿಸುವಾಗ ಇಂಕು ಪೋಲಾಗುವುದಿಲ್ಲ. ಹಾಳು ಇಂಕು ಸೇರುವ ತೊಟ್ಟಿಯನ್ನು ನೀವೇ ಬದಲಾಯಿಸುವಂತಿರಬೇಕು. ಗೋಡೆಯಿಂದ ಒಂದು ಮೊಳ ಮುಂದೆ ನಿಲ್ಲಿಸಿ. ವಾರಕ್ಕೊಂದು ಸಲವಾದರೂ ಓಡಿಸಿ, ಇಲ್ಲದಿದ್ದರೆ ಒಳಗೆ ಇಂಕು ಒಣಗಿ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ.

ಒಂದೊಂದು ಸಲಹೆಯೂ ಸರಿಯಾಗಿತ್ತು. ಒಂದೊಂದೂ ಅವಳಿಗೆ ಚುಚ್ಚಿತು. 'ಇಷ್ಟು ಉತ್ಸಾಹವೇ ನನ್ನನ್ನು ಸಾಗಹಾಕೋಕೆ?'

"ಎತ್ತಿಡೋಕೆ ಇಬ್ಬರು ಬೇಕು. ಮನೇಲಿ ಇನ್ನೊಬ್ಬರು ಯಾರಿದಾರೆ?" ಎಂದ. ಕೇಳಿದ ಮೇಲೆ ಅವನ ಕಿವಿ ಕೆಂಪಾಯಿತು.

"ಅಕ್ಕ ಇದಾಳೆ. ಅವಳ ಸೊಂಟ ಸರಿಯಿಲ್ಲ."

"ಓ."

ಇಬ್ಬರೂ ಯಂತ್ರವನ್ನೇ ನೋಡಿದರು.

"ನೀವು ಕೆಲಸ ಮಾಡೋ ಕಂಪ್ಯೂಟರ್... ಕಿಟಕಿ ಪಕ್ಕ ಇದೆಯಾ?"

"ಹೌದು. ಯಾಕೆ?"

ಅವನು ಬಾಯಿ ತೆರೆದ. ಮುಚ್ಚಿದ. ಪ್ರಿಂಟರಿನ ಮುಚ್ಚಳದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ಸುಮ್ನೆ ಕೇಳಿದೆ. ಈ ಯಂತ್ರ ಇದ್ದದ್ದನ್ನ ಇದ್ದ ಹಾಗೆ ತೋರಿಸುತ್ತೆ. ಮುಖ ಮುಲಾಜು ನೋಡಲ್ಲ. ಅದು ನೆನಪಿರಲಿ."

ಮನೆಗೆ ಬರುವ ದಾರಿಯಿಡೀ ಅವಳು ಒಂದೇ ಲೆಕ್ಕ ಹಾಕಿದಳು. ಇನ್ನು ಗುರುವಾರದ ಫೋನು ಯಾತಕ್ಕೆ ಬರುತ್ತದೆ?

*

ಪ್ರಿಂಟರ್ ಬಂದಿಳಿದ ದಿನ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, ಕೈಕಟ್ಟಿ ನೋಡಿದಳು.

ಮುಂದಿನ ಕೋಣೆ ಅಕ್ಕತಂಗಿಯರಿಬ್ಬರದೂ ಹೌದು. ಅರ್ಧಕ್ಕೆ ಅಕ್ಕನ ಟೈಲರಿಂಗು, ಅರ್ಧಕ್ಕೆ ಇವಳ ಸ್ಟುಡಿಯೋ. ಗೋಡೆಯಗಲದ ಕಿಟಕಿ. ದಾರದ ಬಣ್ಣ ಹೊಂದಿಸಲು ಅಕ್ಕನಿಗೆ ಬೆಳಕು ಬೇಕು, ಹಾಗಾಗಿ ಪರದೆ ಹಾಕುವಂತಿಲ್ಲ.

"ಫೋನಪ್ಪ ಆರಿಸಿದ್ದಾ ಇದು?" ಅಕ್ಕ ಕೇಳಿದಳು. ಗುರುವಾರದ ದನಿಗೆ ಅವಳಿಟ್ಟ ಹೆಸರು ಅದು.

"ಹ್ಞೂಂ."

"ನೋಡೋಕೆ ಹೇಗಿದಾನೆ?"

"ಇದಾನೆ."

"ಇಷ್ಟು ದೊಡ್ಡ ಉತ್ತರ ನಾನು ನಿರೀಕ್ಷಿಸಿರ್ಲಿಲ್ಲ," ಎಂದು ಅಕ್ಕ ಮತ್ತೆ ಪೆಡಲ್ ತುಳಿದಳು.

ಯಂತ್ರ ಜೋಡಿಸಲು ಬಂದಿದ್ದ ಇಂಜಿನಿಯರ್ ಹೆಂಗಸು ಇಂಕು ತುಂಬಿಸಿ, ರೋಲು ಸಿಕ್ಕಿಸಿ, ಸಹಿ ಹಾಕಿಸಿಕೊಂಡು ಹೋದಳು. ಆಕೆ ಹೋದದ್ದೇ ಇವಳು ಒಗೆಯುವ ಹೆಂಗಸಿನ ಫೈಲನ್ನೇ ಮೊದಲು ತೆರೆದಳು. ಲ್ಯಾಬಿನ ಪ್ರಿಂಟು ಗೋಡೆಯ ಮೇಲೆ ಇತ್ತು; ಪಕ್ಕಕ್ಕಿಟ್ಟು ಹೋಲಿಸಬಹುದು.

ಪೇಪರು ನಿಧಾನವಾಗಿ ಹೊರಬಂತು. ಹಣೆ, ಕಣ್ಣು, ಗಲ್ಲ, ತೋಳು...

ಕತ್ತಲು.

ಮುಖಕ್ಕೆ ಮಸಿ ಬಳಿದಂತಿತ್ತು. ಚಿತ್ರದೊಳಗಿನ ಗೋಡೆಯ ನೀರಿನ ಕೊಳವೆಗಳು ಕಾಣೆಯಾಗಿದ್ದವು. ಅವಳು ಇನ್ನೊಂದು ಸಲ ಕೊಟ್ಟಳು. ಬೇರೆ ಪೇಪರು ಹಾಕಿದಳು. ಬೇರೆ ಚಿತ್ರ ಕೊಟ್ಟಳು. ಎಲ್ಲವೂ ದೀಪ ಹಚ್ಚದ ಉಗ್ರಾಣದಂತೆ! ಕಂಪ್ಯೂಟರಿನಲ್ಲಿ ಅದೇ ಚಿತ್ರ ನಗುನಗುತ್ತಾ ಬೆಳಗುತ್ತಿದೆ, ಲ್ಯಾಬಿನ ಪ್ರಿಂಟು ಅದಕ್ಕೆ ತಕ್ಕಂತೆಯೇ ಇದೆ, ಈ ಯಂತ್ರದಲ್ಲಿ ಮಾತ್ರ ಹೀಗೆ.

'ಕೆಟ್ಟದ್ದನ್ನು ತಗೊಳ್ಳೋಕೆ ಹೇಳಿದನಾ?' ಆ ಯೋಚನೆಗೆ ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಅದು ಹೋಗಲಿಲ್ಲ. ಗುರುವಾರ ಬಂತು, ಫೋನು ಬರಲಿಲ್ಲ. ಆಗ ಅದು ಇನ್ನಷ್ಟು ಗಟ್ಟಿಯಾಯಿತು.

ಇಂಜಿನಿಯರ್ ಹೆಂಗಸು ಮತ್ತೆ ಬಂದಳು. ದೂರು ಕೇಳಿ ತನ್ನದೇ ಒಂದು ಪರೀಕ್ಷೆಯ ಚಿತ್ರ ಹಾಕಿದಳು. ಹಣ್ಣಿನ ಬುಟ್ಟಿ, ಒಂದು ಮಗುವಿನ ಕೆನ್ನೆ, ಬಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೂದು ಪಟ್ಟಿ. ಎಲ್ಲವೂ ಅಚ್ಚುಕಟ್ಟು. ಮಗುವಿನ ಕೆನ್ನೆಯನ್ನು ಮುಟ್ಟಬೇಕೆನಿಸುವಂತಿತ್ತು.

"ಯಂತ್ರ ಸರಿಯಿದೆ ಮೇಡಂ. ನಿಮ್ಮ ಫೈಲೇ ಕತ್ತಲು. ಈ ಕಿಟಕಿ ಬೆಳಕಿಗೆ ಸ್ಕ್ರೀನ್ ಮಂಕಾಗಿ ಕಂಡಿರುತ್ತೆ, ನೀವು ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟಿದೀರಿ. ಸ್ಕ್ರೀನ್ ಬೆಳಗ್ತಿದೆ, ಫೋಟೋ ಅಲ್ಲ."

"ಆದ್ರೆ ಲ್ಯಾಬಿನಲ್ಲಿ ಇದೇ ಫೈಲು..."

ಆಕೆ ಗೋಡೆಯ ಪ್ರಿಂಟನ್ನೂ ಹೊಸದನ್ನೂ ನೋಡಿದಳು. ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, ಅಲ್ಲಿ ಯಾರೋ ಕೂತು ತಿಳಿ ಮಾಡಿದ್ದಾರೆ ಎಂದಳು. ಬರೀ ಒಂದು ಗುಂಡಿ ಒತ್ತಿ ಅಲ್ಲ. ಕೈಯಿಂದ, ಮುಖ ಬೇರೆ, ಗೋಡೆ ಬೇರೆ, ತೋಳು ಬೇರೆ. ಒಳ್ಳೆ ಕೆಲಸಗಾರ ಇರಬೇಕು.

ಆಕೆ ಹೋದ ಮೇಲೆ ಅವಳು ಹಳೆಯ ಫೈಲುಗಳನ್ನು ಒಂದೊಂದಾಗಿ ತೆಗೆದು ಪ್ರಿಂಟಿಗೆ ಕೊಟ್ಟಳು. ಪ್ರಶಸ್ತಿ ಬಂದ ಚಿತ್ರ, ಪತ್ರಿಕೆಯವರು ಹೊಗಳಿದ ಚಿತ್ರ. 'ನೆರಳಲ್ಲೂ ಮುಖವನ್ನು ಕಾಣುವ ಕಣ್ಣು' ಎಂದು ಯಾರೋ ಬರೆದಿದ್ದರು ಅವಳ ಬಗ್ಗೆ.

ಒಂದೊಂದೂ ಕತ್ತಲಾಗಿ ಬಂತು.

ಕಾಲೇಜಿನ ಪಾಠದ ಕೆಲಸ ಬಿಟ್ಟಾಗ ಮನೆಯವರೆಲ್ಲ ಇದೆಂಥ ಹುಚ್ಚು ಎಂದಿದ್ದರು. ಅವಳಿಗೆ ಎಲ್ಲದರಲ್ಲೂ ಅನುಮಾನ. ಬೀಗ ಹಾಕಿದೆನೇ, ಸರಿಯಾದ ಮಾತಾಡಿದೆನೇ, ಅವರಿಗೆ ನೋವಾಯಿತೇ? ಒಂದರಲ್ಲಿ ಮಾತ್ರ ಇರಲಿಲ್ಲ. ನನ್ನ ಕಣ್ಣು ಸರಿಯಾಗಿದೆ. ಆ ಒಂದು ಮಾತಿನ ಮೇಲೆ ಅವಳು ನಿಂತಿದ್ದಳು.

ಆ ಮಾತು ಕೂಡ ಅವನದೇ ಕೈಚಳಕವೇ?

*

ಎರಡು ಬಸ್ಸು ಹತ್ತಿದಳು.

ಲ್ಯಾಬಿನ ಬಾಗಿಲು ತಳ್ಳಿದಾಗ ಪೇಪರ್ ಕತ್ತರಿಸುವ ಮೇಜಿನ ಬಳಿ ಒಬ್ಬ ಹೆಂಗಸಿದ್ದಳು. ಯಾರು ಬೇಕೆಂದು ಕೇಳಿದಾಗ ಇವಳು ಅಭ್ಯಾಸಬಲದಿಂದ "ಒಂದು ಸಣ್ಣ ಪ್ರಶ್ನೆ..." ಎಂದಳು. ಆ ಹೆಂಗಸಿನ ಮುಖ ಅರಳಿತು. ಒಳಕ್ಕೆ ತಿರುಗಿ, "ಅಣ್ಣಾ, ಸಣ್ಣ ಪ್ರಶ್ನೆ ಮೇಡಂ ಬಂದಿದಾರೆ" ಎಂದು ಕೂಗಿದಳು.

ಹಾಗಾದರೆ ಇಲ್ಲಿ ಎಲ್ಲರಿಗೂ ಗೊತ್ತು. ತಾನು ಇಲ್ಲಿ ಒಂದು ತಮಾಷೆ.

ಅವನು ಒಳಗಿನಿಂದ ಬಂದ. ಅವಳ ಮುಖ ನೋಡಿದ, ಕಂಕುಳಲ್ಲಿದ್ದ ಸುರುಳಿ ನೋಡಿದ. ಏನೂ ಕೇಳಲಿಲ್ಲ. ಆ ಸುಮ್ಮನಿರುವಿಕೆಯಲ್ಲೇ ಅವಳಿಗೆ ಉತ್ತರ ಸಿಕ್ಕಿತು.

ಅವಳು ಎರಡು ಪ್ರಿಂಟನ್ನೂ ಮೇಜಿನ ಮೇಲೆ ಹರಡಿದಳು. ಅವನ ಹಿಂದೆ ಗೋಡೆಯ ಮೇಲೆ ದಪ್ಪ ಅಕ್ಷರದ ಫಲಕ: 'ನಿಮ್ಮ ಫೈಲನ್ನು ನಾವು ಮುಟ್ಟುವುದಿಲ್ಲ. ಬಂದಂತೆಯೇ ಮುದ್ರಿಸಿಕೊಡುತ್ತೇವೆ.'

"ಅದನ್ನ ಓದಿ," ಎಂದಳು.

"ಬರೆಸಿದ್ದೇ ನಾನು."

"ಎಲ್ಲರ ಫೈಲೂ ಮುಟ್ತೀರಾ?"

"ಇಲ್ಲ. ನಿಮ್ಮದು ಮಾತ್ರ."

"ಯಾಕೆ? ನಾನು ದಡ್ಡಿ ಅಂತಾನಾ?"

"ಅಲ್ಲ..." ಅವನು ಮೇಜಿನ ಅಂಚು ಹಿಡಿದುಕೊಂಡ. "ಮೊದಲನೇ ಸಲ ಏನಾಯ್ತು ಅಂದ್ರೆ..."

ಅವಳು ಕೇಳಿಸಿಕೊಳ್ಳಲಿಲ್ಲ. ಕಣ್ಣು ತುಂಬಿಬರುವ ಮೊದಲು ಹೇಳಿ ಮುಗಿಸಬೇಕಿತ್ತು.

"ಜನ ಹೊಗಳಿದಾಗೆಲ್ಲಾ ನಾನು ನಿಮಗೆ ಫೋನ್ ಮಾಡಿ ಹೇಳ್ತಿದ್ದೆ. ನೀವು ಆ ಕಡೆಯಿಂದ 'ಒಳ್ಳೇದಾಯ್ತು' ಅಂತಿದ್ರಿ. ನಿಮ್ಮ ಕೆಲಸಕ್ಕೆ ನೀವೇ. ನನ್ನ ಹತ್ರ ಇದ್ದಿದ್ದು ಕಣ್ಣೊಂದೇ ರೀ. ಅದೂ ನಿಮ್ಮದಾಗಿತ್ತು."

ಅವನು ತಲೆ ತಗ್ಗಿಸಿ ನಿಂತಿದ್ದ. ಕತ್ತರಿಸುವ ಮೇಜಿನ ಹೆಂಗಸು ಕೈಯಲ್ಲಿ ಬ್ಲೇಡು ಹಿಡಿದು ಹಾಗೇ ನಿಂತಿದ್ದಳು.

"ದಯವಿಟ್ಟು ಫೋನ್ ಮಾಡಬೇಡಿ. ಮನೆಗೂ ಬರಬೇಡಿ."

ಸುರುಳಿಗಳನ್ನು ಅಲ್ಲೇ ಬಿಟ್ಟು ಹೊರಬಂದಳು. ಎರಡನೆಯ ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ ಅತ್ತಳು.

*

ಅಕ್ಕ ಪೂರ್ತಿ ಕೇಳಿಸಿಕೊಂಡಳು, ಹೆಗಲ ಮೇಲೆ ಟೇಪು ನೇತುಹಾಕಿಕೊಂಡು. ಕೊನೆಗೆ ತನ್ನ ಕಸುಬಿನ ಮಾತು ತೆಗೆದಳು.

"ಒಂದು ಭುಜ ತಗ್ಗಿರೋರು ಬರ್ತಾರೆ ನನ್ನ ಹತ್ರ. ಅವರಿಗೇ ಗೊತ್ತಿರಲ್ಲ. ನಾನು ಹೇಳಲ್ಲ. ಒಳಗೊಂದು ಪ್ಯಾಡ್ ಇಟ್ಟು ಹೊಲಿದುಬಿಡ್ತೀನಿ. ಕನ್ನಡಿ ನೋಡ್ಕೊಂಡು ಖುಷಿಯಾಗಿ ಹೋಗ್ತಾರೆ."

"ಅವರು ಬೇರೆ ಕಡೆ ಹೊಲಿಸಿದ ದಿನ?"

"ಅವತ್ತು ಬಂದು ನನ್ನ ಬೈತಾರೆ. ಬೈಯೋದು ಸರಿಯೇ." ಅಕ್ಕ ಸೂಜಿಗೆ ದಾರ ಪೋಣಿಸಿದಳು. "ಆದ್ರೆ ಕೆಟ್ಟದ್ದು ಬಯಸಿ ಯಾರೂ ಪ್ಯಾಡ್ ಇಡಲ್ಲ ಕಣೇ."

ಅವಳು ಮರುದಿನ ಬೆಳಿಗ್ಗೆ ಅಕ್ಕನ ಕಪ್ಪು ಲೈನಿಂಗ್ ಬಟ್ಟೆಯನ್ನು ತಂದು ಕಂಪ್ಯೂಟರಿನ ಸುತ್ತ ಡೇರೆಯಂತೆ ಕಟ್ಟಿದಳು. ಒಂದು ಬಿಳಿ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು, ಸ್ಕ್ರೀನಿನ ಬಿಳುಪು ಆ ಹಾಳೆಯಷ್ಟೇ ಕಾಣುವವರೆಗೆ ಬೆಳಕು ಇಳಿಸಿದಳು. ಇಳಿಸಿದಂತೆಲ್ಲ ಚಿತ್ರಗಳು ಒಂದೊಂದಾಗಿ ಮುಳುಗಿದವು. ಆದರೂ ಅವಳು ಕಣ್ಣು ಮುಚ್ಚಲಿಲ್ಲ.

ಆಮೇಲೆ ಡೇರೆಯೊಳಗೆ ಕುಳಿತು ಮೊದಲಿನಿಂದ ಶುರುಮಾಡಿದಳು.

ಅಡುಗೆಯವನ ಮುಖಕ್ಕೆ ಬೆಳಕು ಬೇಕಿತ್ತು, ಕೊಟ್ಟಳು. ಕಾವಲಿನವನ ಟೊಪ್ಪಿಯ ಕೆಳಗಿನ ಕಣ್ಣಿಗೆ ಸ್ವಲ್ಪ. ತಪ್ಪಿದಳು, ಪ್ರಿಂಟ್ ತೆಗೆದಳು, ಹರಿದಳು, ಮತ್ತೆ ತೆಗೆದಳು. ಯಂತ್ರ ಮುಲಾಜಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಾ ಹೋಯಿತು. ಅವನು ಹೇಳಿದ್ದು ನೆನಪಾಗಿ ಸಿಟ್ಟು ಬಂತು. ಹೇಳಿದ್ದು ನಿಜವೆಂದು ಇನ್ನೂ ಸಿಟ್ಟು ಬಂತು.

ಒಗೆಯುವ ಹೆಂಗಸಿನ ಚಿತ್ರವನ್ನು ಕೊನೆಗೆ ಉಳಿಸಿಕೊಂಡಿದ್ದಳು. ಮೊದಲು ಅವನ ಹಾಗೆಯೇ ತಿಳಿ ಮಾಡಲು ಹೊರಟಳು. ಗೋಡೆ ಕಂಡಿತು, ಕೊಳವೆ ಕಂಡಿತು, ಮೂಲೆಯ ಬಕೆಟ್ಟೂ ಕಂಡಿತು. ಕೈ ನಿಂತಿತು.

ಅಲ್ಲಿ ತಾನು ನಿಂತಿದ್ದಾಗ ಕಂಡದ್ದೇನು? ಹಬೆ ತುಂಬಿದ ಕೋಣೆ. ಮೇಲೆಲ್ಲೋ ಒಂದು ಸಣ್ಣ ಗವಾಕ್ಷಿ. ಆ ಬೆಳಕಿನಲ್ಲಿ ಎರಡು ಒದ್ದೆ ತೋಳು, ಅಷ್ಟೇ. ಮುಖ ಇದ್ದೂ ಇಲ್ಲದಂತೆ. ಅದಕ್ಕಾಗಿಯೇ ತಾನು ಕ್ಯಾಮೆರಾ ಎತ್ತಿದ್ದು! ಅವನ ಪ್ರಿಂಟಿನಲ್ಲಿ ಬೆಳಕು ಬಂದಿತ್ತು, ಹಬೆ ಹೋಗಿತ್ತು. ಅಷ್ಟು ದಿನ ಗೋಡೆಯ ಮೇಲಿದ್ದರೂ ಅದು ತನಗೆ ಕಂಡಿರಲಿಲ್ಲ.

ಗವಾಕ್ಷಿಯ ಬೆಳಕನ್ನು ತೋಳಿಗೆ ಮಾತ್ರ ಬಿಟ್ಟು, ಉಳಿದದ್ದನ್ನು ಕತ್ತಲಿಗೆ ಒಪ್ಪಿಸಿದಳು. ಪೇಪರು ಹೊರಬಂದಾಗ ಅಕ್ಕ ಪೆಡಲ್ ನಿಲ್ಲಿಸಿ ಬಂದು ನೋಡಿದಳು. ಹತ್ತಿರ ಬಗ್ಗಿದಳು. ಕೊನೆಗೆ, "ಇವಳ ಕೈ ನೋಯ್ತಿದೆ" ಎಂದಳು.

ಆಸ್ಪತ್ರೆಯ ಮ್ಯಾನೇಜರಿಗೆ ಇದು ಹಿಡಿಸಲಿಲ್ಲ. ತಾವು ಒಪ್ಪಿದ್ದು ಆ ಬೆಳ್ಳಗಿನ ಚಿತ್ರವನ್ನಲ್ಲವೇ ಎಂದರು. ಬೇರೆ ದಿನವಾಗಿದ್ದರೆ ಅವಳು ಮೂರು ಸಲ ಕ್ಷಮೆ ಕೇಳಿ ಬದಲಾಯಿಸಿಕೊಡುತ್ತಿದ್ದಳು. ಈಗ ಎದೆ ಡವಗುಟ್ಟುತ್ತಿದ್ದರೂ, ತಾನು ನೋಡಿದ್ದು ಇದನ್ನು, ಇದನ್ನೇ ತೂಗುಹಾಕುವುದು ಎಂದಳು. ಅದು ತನ್ನದೇ ದನಿಯೇ ಎಂದು ಅವಳಿಗೇ ಆಶ್ಚರ್ಯವಾಯಿತು.

*

ಚಿತ್ರಗಳು ಪಡಸಾಲೆಯ ಗೋಡೆಗೇರಿದ ದಿನ ಸಮಾರಂಭವೇನೂ ಇರಲಿಲ್ಲ. ಜನ ಬಂದರು, ನಿಂತರು, ಹೋದರು. ಒಗೆಯುವ ಹೆಂಗಸು ಕೈ ಒರೆಸಿಕೊಳ್ಳುತ್ತಾ ಬಂದು ತನ್ನ ಚಿತ್ರದ ಮುಂದೆ ನಿಂತಳು. ಮುಖ ಕಾಣುವುದಿಲ್ಲ ಎಂದು ಬೈಯುತ್ತಾಳೇನೋ ಎಂದು ಇವಳು ಉಸಿರು ಬಿಗಿಹಿಡಿದಳು.

"ನಮ್ಮ ಕೋಣೆ ಹೀಗೇ ಇರೋದು," ಎಂದಳು ಆಕೆ. "ನೀವು ಸರಿಯಾಗಿ ನೋಡಿದೀರಿ."

ಆಕೆ ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಸರಿಯಾಗಿ ನೋಡಿದೀರಿ. ಇಷ್ಟೇ ಬೇಕಿತ್ತು.

ಕಣ್ಣೊರೆಸಿಕೊಂಡು ತಿರುಗಿದಾಗ ಅವನಿದ್ದ.  ಕಾವಲಿನವನ ಚಿತ್ರ ನೋಡಿ ಮುಗಿಸಿ ಇತ್ತಲೇ ಬರುತ್ತಿದ್ದ. ಇವಳನ್ನು ಕಂಡು ನಿಂತ.

"ನೀವು ಮನೆಗೆ ಬರಬೇಡಿ ಅಂದಿದ್ರಿ. ಇದು ಆಸ್ಪತ್ರೆ. ಯಾರು ಬೇಕಾದ್ರೂ ಬರಬಹುದು."

ನಗು ಬಂದರೂ ಅವಳು ತಡೆದುಕೊಂಡಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಅವನು ಆ ಎರಡು ತೋಳುಗಳನ್ನು ನೋಡಿದ. ಹತ್ತಿರ ಹೋಗಿ ನೋಡಿದ. ಹಿಂದೆ ಬಂದು ನೋಡಿದ. ನೀಲಿ ಉಗುರಿನ ಹೆಬ್ಬೆರಳು ಅಂಗಿಯ ಗುಂಡಿಯನ್ನು ತಿರುಗಿಸುತ್ತಿತ್ತು.

"ಇದನ್ನ ನಾನು ಹಾಳು ಮಾಡಿದ್ದೆ."

ಅವಳೂ ಆ ತೋಳುಗಳ ಕಡೆಗೆ ತಿರುಗಿದಳು.

"ಉಳಿದವನ್ನೂ ಮಾಡಿದ್ನೇನೋ. ನನಗೆ ಕತ್ತಲು ಕಂಡ ತಕ್ಷಣ ತಪ್ಪು ಅನ್ಸೋದು. ನೀವು ಬೇಕು ಅಂತಾನೇ ಬಿಟ್ಟಿದೀರಾ ಅಂತ ಕೇಳ್ಬೇಕು ಅಂತ ಹೊಳೀಲೇ ಇಲ್ಲ."

"ಎಲ್ಲಾ ಅಲ್ಲ," ಎಂದಳು ಅವಳು. ನ್ಯಾಯವಾಗಿ ಹೇಳಬೇಕಲ್ಲ. "ಎಷ್ಟೋ ನಿಜವಾಗಲೂ ಕತ್ತಲಾಗಿದ್ವು. ನನ್ನ ಕಿಟಕಿ ಹಾಗೆ ಮಾಡಿತ್ತು."

ಇಬ್ಬರೂ ಗೋಡೆ ಬದಿಯ ಬೆಂಚಿನ ಮೇಲೆ ಕುಳಿತರು. ಮಧ್ಯೆ ಒಬ್ಬರು ಕೂರುವಷ್ಟು ಜಾಗ.

"ಅವತ್ತು ಏನೋ ಹೇಳೋಕೆ ಬಂದ್ರಿ. ನಾನು ಕೇಳ್ಲಿಲ್ಲ."

ಅವನು ಕೈಗಳನ್ನೇ ನೋಡಿಕೊಳ್ಳುತ್ತಾ ಹೇಳಿದ. ಮೊದಲ ಸಲ ಅವಳ ಫೈಲು ಬಂದಾಗ ಫಲಕದಲ್ಲಿ ಬರೆದಂತೆಯೇ ಪ್ರಿಂಟ್ ಮಾಡಿದ್ದ. ಕತ್ತಲಾಗಿ ಬಂತು. ಕಳಿಸುವ ಮೊದಲು ತಿಳಿಸೋಣವೆಂದು ಫೋನು ಮಾಡಿದ.

"ನೀವು ಎತ್ತಿದವರು ಹಲೋ ಅನ್ನಲಿಲ್ಲ. 'ಏನಾದ್ರೂ ತಪ್ಪಾಗಿದೆಯಾ' ಅಂದ್ರಿ. ಆ ದನಿ ಕೇಳಿ ನನಗೆ ಹೌದು ಅನ್ನೋಕೆ ಬಾಯಿ ಬರಲಿಲ್ಲ. 'ಏನಿಲ್ಲ, ಚೆನ್ನಾಗಿದೆ' ಅಂದುಬಿಟ್ಟೆ. ಆಮೇಲೆ ಆಡಿದ ಮಾತು ನಿಜ ಮಾಡೋಕೆ ಕೂತು ತಿಳಿ ಮಾಡಿದೆ."

ಅವಳಿಗೆ ಆ ಫೋನು ನೆನಪಿತ್ತು. ಕೆಲಸ ಬಿಟ್ಟ ಹೊಸತು. ಆ 'ಚೆನ್ನಾಗಿದೆ' ಎಂಬ ಮಾತನ್ನು ಅವಳು ಎಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು!

"ಮುಂದಿನ ಸಲ ಹೇಳೋಣ ಅಂದ್ಕೊಂಡೆ. ಅದರ ಮುಂದಿನ ಸಲ. ಅಷ್ಟರಲ್ಲಿ ಗುರುವಾರ ಬಂದ್ರೆ ನಾನು ಬೆಳಿಗ್ಗೆಯಿಂದ ಗಡಿಯಾರ ನೋಡೋ ಹಾಗಾಗಿತ್ತು. ಹೇಳಿದ್ರೆ ನೀವು ಫೋನ್ ಎತ್ತಲ್ಲ ಅಂತ ಭಯ."

"ನಿಮಗೂ ಭಯವಾ?"

"ನನಗೇನು, ಕಬ್ಬಿಣದ ಗುಂಡಿಗೆಯಾ?"

ಪಡಸಾಲೆಯಲ್ಲಿ ಒಂದು ಗಾಲಿಕುರ್ಚಿ ಹಾದುಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ಕಾದರು.

"ಮತ್ತೆ ಪ್ರಿಂಟರ್ ತಗೊಳ್ಳಲೇಬೇಕು ಅಂದ್ರಲ್ಲ? ಮನೆಗೆ ಬಂದ ದಿನವೇ ಎಲ್ಲಾ ಗೊತ್ತಾಗುತ್ತೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಅದಕ್ಕೇ ಅಂದೆ. ನಾನಾಗಿ ಹೇಳೋ ಧೈರ್ಯ ಇರ್ಲಿಲ್ಲ. ಆ ಯಂತ್ರವಾದ್ರೂ ಹೇಳಲಿ ಅಂತ."

ಅವಳು ಅವನನ್ನೇ ನೋಡಿದಳು. ಸಾಗಹಾಕಲು ಅಲ್ಲ! ತನ್ನನ್ನು ತಾನೇ ಹಿಡಿದುಕೊಡಲು ಆ ಯಂತ್ರವನ್ನು ಅಷ್ಟು ಜತನದಿಂದ ಆರಿಸಿದ್ದ.

"ಹೇಡಿ," ಎಂದಳು. ದನಿ ಮಾತ್ರ ಮೆತ್ತಗಿತ್ತು.

"ಹೌದು."

"ಇನ್ನು ಮೇಲೆ ನನ್ನ ಫೈಲ್ ಮುಟ್ಟೋ ಹಾಗಿಲ್ಲ."

"ಇಲ್ಲ."

"ಅನಿಸಿದ್ದನ್ನ ಮುಖಕ್ಕೆ ಹೇಳ್ಬೇಕು. ನಾನು ಹೆದರಿದ್ರೂ ಸರಿ."

"ಹೇಳ್ತೀನಿ." ಅವನು ಅವಳ ಕಡೆಗೆ ತಿರುಗಿದ. "ಈಗಲೇ ಒಂದು ಹೇಳಲಾ? ನೀವು ಫೋನ್ ಮಾಡಬೇಡಿ ಅಂದಮೇಲೆ ಲ್ಯಾಬಿನಲ್ಲಿ ಗುರುವಾರ ಬರ್ತಾನೇ ಇದೆ. ನನಗೆ ಏನು ಮಾಡಬೇಕು ಅಂತ ತಿಳೀತಿಲ್ಲ. ನೀವಂದ್ರೆ ನನಗೆ ಇಷ್ಟ. ತುಂಬಾ. ಮುಖ ನೋಡೋಕೆ ಮುಂಚಿನಿಂದಾನೂ."

ಅವಳ ಕೈಯಲ್ಲಿ ಟೇಪು ಇರಲಿಲ್ಲ. ಸೆರಗಿನ ತುದಿಯನ್ನೇ ಬೆರಳಿಗೆ ಸುತ್ತಿದಳು, ಬಿಚ್ಚಿದಳು. 'ಏನಾದರೂ ತಪ್ಪಾಗಿದೆಯಾ?' ಎಂದು ಒಳಗಿನ ಹಳೆಯ ದನಿ ಕೇಳಿತು. ಇಲ್ಲ, ಏನೂ ತಪ್ಪಾಗಿರಲಿಲ್ಲ.

"ಭಾನುವಾರ ಮನೆಗೆ ಬನ್ನಿ," ಎಂದಳು. "ಕಿಟಕಿ ಪಕ್ಕದಿಂದ ಪ್ರಿಂಟರೂ ಕಂಪ್ಯೂಟರ್ ಮೇಜೂ ಒಳಗೋಡೆಗೆ ಸರಿಸ್ಬೇಕು. ಅಕ್ಕನ ಸೊಂಟ ಸರಿಯಿಲ್ಲ."

*

ಭಾನುವಾರ ಬಾಗಿಲು ತೆಗೆದದ್ದು ಅಕ್ಕ. ಟೇಪು ಹೆಗಲ ಮೇಲಿತ್ತು. ಫೋನಪ್ಪನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿ, ಒಳಕ್ಕೆ ತಿರುಗಿ ಹೇಳಿದಳು.

"ಭುಜ ಎರಡೂ ಸಮ ಇದಾವೆ ಕಣೇ."

ಅವನಿಗೆ ಅರ್ಥವಾಗಲಿಲ್ಲ. ಅವಳು ನಕ್ಕುಬಿಟ್ಟಳು.

ಯಂತ್ರದ ಒಂದು ತುದಿ ಅವನು, ಇನ್ನೊಂದು ತುದಿ ಅವಳು. ನೀವು ಹೇಳಿದಾಗ ಎತ್ತೋಣ ಎಂದ. ಅವಳು ಹೇಳಿದಳು. ತೂಕ ಅವಳ ಕಡೆಗೆ ವಾಲಿದಾಗ ಅವನು ಸುಮ್ಮನೆ ತನ್ನ ಕಡೆಗೆ ಎಳೆದುಕೊಳ್ಳಲಿಲ್ಲ. "ಈ ಕಡೆ ತಗೊಳ್ಳಲಾ?" ಎಂದು ಕೇಳಿದ. ಅವಳು ಸ್ವಲ್ಪ ಎಂದಳು. ಒಳಗೋಡೆಯಿಂದ ಒಂದು ಮೊಳ ಬಿಟ್ಟು ಇಳಿಸಿದರು.

ಅವಳು ಒಂದು ಫೈಲು ತೆರೆದಳು. ಆಸ್ಪತ್ರೆಯ ಪಡಸಾಲೆಯಲ್ಲಿ, ಆ ಎರಡು ತೋಳುಗಳ ಮುಂದೆ ಅವನು ಇನ್ನೊಂದು ಸಲ ಹೋಗಿ ನಿಂತಿದ್ದಾಗ ಅವನಿಗೆ ತಿಳಿಯದಂತೆ ತೆಗೆದದ್ದು. ಪೇಪರು ಇಂಚಿಂಚಾಗಿ ಇಳಿಯಿತು. ನರೆತ ಕೂದಲು, ಬಗ್ಗಿದ ಕುತ್ತಿಗೆ, ಅಂಗಿಯ ಗುಂಡಿ ಹಿಡಿದ ಹೆಬ್ಬೆರಳು.

"ಹೇಗಿದೆ?"

ಅವನು ಬಹಳ ಹೊತ್ತು ನೋಡಿದ. 

"ಕುತ್ತಿಗೆ ಹತ್ರ ಸ್ವಲ್ಪ ಕತ್ತಲು... ಅನಿಸುತ್ತೆ."

ಅವಳ ಎದೆ ಒಮ್ಮೆ ಹಾರಿತು. ಬಗ್ಗಿ ನೋಡಿದಳು. ನಿಜ. ಅಲ್ಲಿ ಕತ್ತಲಿಗೆ ಕೆಲಸವಿರಲಿಲ್ಲ.

"ಹೌದು. ತಿದ್ದ್ತೀನಿ."

ಪ್ರಿಂಟಿನ ಒಂದು ಅಂಚು ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಯಾರೂ ಬಿಡಲಿಲ್ಲ.

"ಒಂದು ಸಣ್ಣ ಪ್ರಶ್ನೆ," ಎಂದಳು.

"ಕೇಳಿ."

"ಈ ಯಂತ್ರ ಎತ್ತೋಕೆ ಇಬ್ಬರು ಬೇಕು ಅಂದಿದ್ರಿ. ಆ ಇನ್ನೊಬ್ಬರು... ಇವತ್ತಿಗೆ ಮಾತ್ರ ಬಂದಿರೋದಾ? ಇಲ್ಲಾ ಇಲ್ಲೇ ಇರೋಕೆ ಬರ್ತಾರಾ?"

ಹೊಲಿಗೆ ಯಂತ್ರದ ಸದ್ದು ನಿಂತಿತು. ಅಕ್ಕ ದಾರ ಹುಡುಕುವ ನಾಟಕ ಮಾಡಿದಳು.

ಅವನು ಪೇಪರಿನ ಅಂಚಿನಿಂದ ಒಂದು ಕೈ ಬಿಡಿಸಿ, ಅವಳ ಬೆರಳುಗಳ ಮೇಲಿಟ್ಟ.

"ಇಷ್ಟು ವರ್ಷದಲ್ಲಿ ನೀವು ಕೇಳಿದ ಪ್ರಶ್ನೆಗಳಲ್ಲಿ," ಎಂದ, "ಇದೊಂದು ಮಾತ್ರ ದಡ್ಡ ಪ್ರಶ್ನೆ."